ಸರ್ವಿಸ್‌ಗೆ ಬಿಟ್ಟ ಕಾರಿಗೆ ಪೆಟ್ಟು, ಹೇಳದೇ ಕೇಳದೇ ಬಣ್ಣ ಬಳಿದು ವಾಪಸ್: ಈಗ ಏನು ಮಾಡಲಿ?

ಕೆಎ25 ಸಾಧನಕೇರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ನಾಲ್ಕು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸಿಲ್ವರ್ ಬಣ್ಣ. ಅಪ್ಪ ನಿವೃತ್ತಿಯಾದಾಗ ಬಂದ ದುಡ್ಡಲ್ಲಿ ಕೊಂಡದ್ದು. ಇಲ್ಲಿವರೆಗೆ ಒಂದು ಕ್ಲೇಮ್ ಮಾಡಿಲ್ಲ, ಒಂದು ಡೆಂಟ್ ಇರಲಿಲ್ಲ. ಕಳೆದ ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯ ಅಧಿಕೃತ ಡೀಲರ್ ಹತ್ತಿರ 40 ಸಾವಿರ ಕಿಲೋಮೀಟರಿನ ಸರ್ವಿಸ್‌ಗೆ ಬಿಟ್ಟು ಬಸ್ ಹತ್ತಿ ಧಾರವಾಡಕ್ಕೆ ಬಂದೆ. ಸಂಜೆ ಐದಕ್ಕೆ ಕೊಡ್ತೀವಿ ಅಂದಿದ್ದರು. ನಾಲ್ಕೂವರೆಗೆ ಫೋನ್ ಬಂತು: ವಾಷಿಂಗ್ ಲೇಟಾಗಿದೆ ಸರ್, ನಾಳೆ ರಜಾ, ಸೋಮವಾರ ಸಂಜೆ ಬನ್ನಿ.

ಸೋಮವಾರ ಹೋದಾಗ ಕತ್ತಲಾಗಿತ್ತು. 7,860 ರೂಪಾಯಿ ಬಿಲ್ ಕಟ್ಟಿ, ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಗಾಡಿ ತಂದೆ. ಮಂಗಳವಾರ ಬೆಳಿಗ್ಗೆ ಅಪ್ಪ ಹಿಂದಿನ ಎಡಬಾಗಿಲು ತೆಗೆದು ಕೂತವರೇ "ಇದೇನೋ ಥಿನ್ನರ್ ವಾಸನಿ ಬರಾಕತ್ತದ" ಅಂದರು. ಇಳಿದು ಬಿಸಿಲಲ್ಲಿ ನೋಡಿದರೆ ಆ ಬಾಗಿಲು, ಅದರ ಹಿಂದಿನ ಭಾಗ ಎರಡೂ ಉಳಿದ ಕಾರಿಗಿಂತ ಒಂದು ಗುಂಜಿ ಮಬ್ಬು. ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಬೆರಳಾಡಿಸಿದೆ, ಬೂದಿಯಂಥ ಸಿಲ್ವರ್ ಧೂಳು ಹತ್ತಿತು.

ಸರ್ವಿಸ್ ಅಡ್ವೈಸರ್‌ಗೆ ಫೋನ್ ಮಾಡಿದರೆ ಮೊದಲು "ನಿಮ್ಮ ಗಾಡಿಯಲ್ಲಿ ಅದು ಮೊದಲೇ ಇತ್ತು" ಅಂದರು. ಜೋರು ಮಾಡಿ ಕೇಳಿದ ಮೇಲೆ "ಬನ್ನಿ ಸರ್, ಇನ್ಶೂರೆನ್ಸಲ್ಲಿ ಹಾಕಿ ಹೊಸದು ಮಾಡಿಕೊಡೋಣ, ನಿಮಗೆ ಖರ್ಚಿಲ್ಲ" ಅಂದರು. ಅಪ್ಪನಿಗೆ ಎರಡು ದಿನದಿಂದ ಊಟ ಸೇರ್ತಿಲ್ಲ. ಸಹಿ ಬೇರೆ ಹಾಕಿ ಬಂದಿದ್ದೇನೆ. ದಾರಿ ಇದೆಯಾ?

ಕೆಎ09 ಸವಾರ

ಮೂರು ಪ್ರಶ್ನೆ. ಬಿಡುವಾಗ ಕೊಟ್ಟ ಜಾಬ್ ಕಾರ್ಡ್ ಇದೆಯಾ? ಅದರಲ್ಲಿ ಕಾರಿನ ಚಿತ್ರದ ಮೇಲೆ ಗೀರು, ಡೆಂಟ್ ಅಂತ ಏನಾದರೂ ಗುರುತು ಹಾಕಿದ್ದಾರಾ? ಬಿಟ್ಟಾಗ ಮತ್ತು ತಂದಾಗ ಮೀಟರ್ ಎಷ್ಟಿತ್ತು?

ಕೆಎ14 ಪೇಂಟ್‌ಬೂತ್

ಹದಿನೆಂಟು ವರ್ಷದಿಂದ ಶಿವಮೊಗ್ಗದಲ್ಲಿ ಡೆಂಟಿಂಗ್, ಪೇಂಟಿಂಗ್ ಮಾಡ್ತಿದ್ದೇನೆ. ನೀವು ಹೇಳಿದ ಬೀಡಿಂಗ್ ಮೇಲಿನ ಧೂಳಿಗೆ ನಾವು ಓವರ್‌ಸ್ಪ್ರೇ ಅಂತೀವಿ. ರಬ್ಬರ್ ಬಿಚ್ಚದೆ ಬರೀ ಟೇಪು, ಪೇಪರ್ ಅಂಟಿಸಿ ಅವಸರದಲ್ಲಿ ಹೊಡೆದರೆ ಮಾತ್ರ ಹಾಗಾಗೋದು. ಅದನ್ನು ಒರೆಸಬೇಡಿ, ತೊಳೆಯಲೂ ಬೇಡಿ. ಅದೇ ನಿಮ್ಮ ಸಾಕ್ಷಿ.

ಇನ್ನು ಎರಡು ಕಡೆ ನೋಡಿ. ಪೆಟ್ರೋಲ್ ಮುಚ್ಚಳ ಎಡಗಡೆ ಇದ್ದರೆ ತೆಗೆದು, ಒಳಗಿನ ತಗಡಿನ ಬಣ್ಣವನ್ನು ಹೊರಗಿನದರ ಜೊತೆ ಹೋಲಿಸಿ. ಒಳಗೆ ಫ್ಯಾಕ್ಟರಿ ಬಣ್ಣ ಹಾಗೇ ಉಳಿದಿರುತ್ತೆ, ಹೊರಗೆ ಬೇರೆ ಛಾಯೆ ಇದ್ದರೆ ಮೊಬೈಲಿನಲ್ಲಿ ಒಂದೇ ಫೋಟೋದಲ್ಲಿ ಎರಡೂ ಸಿಗುತ್ತೆ. ಆಮೇಲೆ ಬಾಗಿಲಿನ ಹಿಂಜಿನ ಬೋಲ್ಟ್ ತಲೆ ನೋಡಿ. ಸ್ಪ್ಯಾನರ್ ತಾಗಿದ್ದರೆ ಅಂಚಲ್ಲಿ ಬಣ್ಣ ಕಿತ್ತಿರುತ್ತೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾದರೆ ಪೇಂಟ್ ದಪ್ಪ ಅಳೆಯುವ ಗೇಜ್ ಇರುವವರನ್ನು ಹುಡುಕಿ. ಹಳೆ ಕಾರು ವ್ಯಾಪಾರ ಮಾಡೋರ ಹತ್ತಿರ ಇದ್ದೇ ಇರುತ್ತೆ. ಫ್ಯಾಕ್ಟರಿ ಬಣ್ಣ ಸುಮಾರು 80ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಒಳಗೆ ಬರುತ್ತೆ. ಮೇಲೆ ಇನ್ನೊಂದು ಸಲ ಹೊಡೆದಿದ್ದರೆ 200 ದಾಟುತ್ತೆ, ಪುಟ್ಟಿ ಹಾಕಿದ್ದರೆ 500, 1,000ಕ್ಕೂ ಹೋಗುತ್ತೆ. ಬಲಗಡೆಯ ಅದೇ ಬಾಗಿಲನ್ನೂ ಅಳೆಸಿ, ಎರಡೂ ಓದಿಕೆ ಕಾಣುವಂತೆ ವಿಡಿಯೋ ಮಾಡಿ. ಬಂಪರ್ ಪ್ಲಾಸ್ಟಿಕ್, ಅದರ ಮೇಲೆ ಈ ಗೇಜ್ ಕೆಲಸ ಮಾಡಲ್ಲ, ಗಾಬರಿಯಾಗಬೇಡಿ.

ನಮ್ಮ ಕಸುಬಿನ ಮರ್ಯಾದೆ ತೆಗೆಯೋದು ಇಂಥ ಕೆಲಸವೇ. ತಾಗಿತು, ತಪ್ಪಾಯ್ತು ಅಂತ ಹೇಳಿ ಸರಿಮಾಡಿಕೊಟ್ಟಿದ್ದರೆ ನೀವು ಇಲ್ಲಿ ಬರೀತಾನೇ ಇರಲಿಲ್ಲ.

ಕೆಎ25 ಸಾಧನಕೇರಿ

ಜಾಬ್ ಕಾರ್ಡ್ ಸಿಕ್ಕಿತು. ಚಿತ್ರದಲ್ಲಿ ಮುಂದಿನ ಬಂಪರ್ ಕೆಳಗೆ ಒಂದು ಗೀರು ಅಂತ ಬಿಟ್ಟರೆ ಏನೂ ಇಲ್ಲ, ಎಡಗಡೆ ಪೂರ್ತಿ ಖಾಲಿ. ಬಿಟ್ಟಾಗ ಮೀಟರ್ 41,262. ಬಿಲ್ ಮೇಲೆ 41,289. ಅಂದರೆ 27 ಕಿಲೋಮೀಟರ್ ಓಡಿದೆ!

ಹಳೆ ಬಸ್ ಸ್ಟ್ಯಾಂಡ್ ಕಡೆಯ ಒಬ್ಬ ಹಳೆ ಕಾರು ವ್ಯಾಪಾರಿ ಗೇಜ್ ಹಿಡಿದು ಅಳೆದುಕೊಟ್ಟರು, ದುಡ್ಡೂ ತಗೊಳ್ಳಲಿಲ್ಲ. ಬಲಬಾಗಿಲು 108, 112, 117. ಎಡಬಾಗಿಲು ಮೇಲೆ 236, ನಡುವೆ 640, ಕೆಳಗೆ 910. ಕ್ವಾರ್ಟರ್ ಪ್ಯಾನೆಲ್, ಅಂದರೆ ಆ ಬಾಗಿಲಿನ ಹಿಂದಿನ ಭಾಗ, 228, ಒಂದು ಕಡೆ 385. ಪೆಟ್ರೋಲ್ ಮುಚ್ಚಳದ ಒಳಗೂ ಹೊರಗೂ ಛಾಯೆ ಬೇರೆ ಬೇರೆ, ಅಪ್ಪನಿಗೂ ಕಂಡಿತು.

ಕೆಎ19 ಕಡಲತಡಿ

ಮಾರಾಯ್ರೇ, ನಿಮ್ಮ ಕೈಯಲ್ಲಿ ಇರಬೇಕಾದ್ದೆಲ್ಲ ಇದೆ. ನನಗೆ ಮಂಗಳೂರಲ್ಲಿ ಇದೇ ಥರ ಆದಾಗ ಇದರ ಅರ್ಧವೂ ಇರಲಿಲ್ಲ. ಹಾಗಾಗಿ ನಾನು ತಪ್ಪಿದ ಕಡೆ ನೀವು ತಪ್ಪಬಾರದು ಅಂತ ವಿವರವಾಗಿ ಬರೀತೇನೆ.

ಎಲ್ಲಕ್ಕಿಂತ ಮೊದಲು ಇನ್ಶೂರೆನ್ಸ್ ಮಾತು. ಒಪ್ಪಬೇಡಿ. ಕ್ಲೇಮ್ ಅವರದ್ದಲ್ಲ, ನಿಮ್ಮ ಪಾಲಿಸಿಯದ್ದು. ನಾಲ್ಕು ವರ್ಷ ಕ್ಲೇಮ್ ಇಲ್ಲದ್ದಕ್ಕೆ ನಿಮಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ (ಸ್ವಂತ ಕಾರಿನ ಹಾನಿಗೆ ಕಟ್ಟುವ ಕಂತು) 45% ನೋ ಕ್ಲೇಮ್ ಬೋನಸ್ ರಿಯಾಯಿತಿ ಇದೆ, ಐದನೇ ವರ್ಷಕ್ಕೆ 50% ಆಗ್ತದೆ. ಒಂದು ಕ್ಲೇಮ್ ಹಾಕಿದರೆ ಅದು ಸೊನ್ನೆಗೆ ಬಂದು ಮತ್ತೆ 20%ನಿಂದ ಶುರು. ಅದಕ್ಕಿಂತ ದೊಡ್ಡ ವಿಷಯ, ಕ್ಲೇಮ್ ಫಾರ್ಮಿನಲ್ಲಿ ಪೆಟ್ಟು ಹೇಗಾಯ್ತು ಅಂತ ನೀವು ಸಹಿ ಹಾಕಿ ಬರೆದುಕೊಡಬೇಕು. ಅವರು ಮಾಡಿದ್ದನ್ನು ನೀವು ಮಾಡಿದ ಹಾಗೆ ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆ, ನಾಳೆ ನಿಮ್ಮ ಕುತ್ತಿಗೆಗೇ ಬರ್ತದೆ.

ಎರಡನೆಯದ್ದು ಸಿಸಿಟಿವಿ. ಫೂಟೇಜ್ ಕೆಲವೇ ದಿನ ಉಳೀತದೆ, ಆಮೇಲೆ ಅದರ ಮೇಲೇ ಹೊಸದು ರೆಕಾರ್ಡ್ ಆಗ್ತದೆ. ನಾನು ಮೂರು ವಾರ ಬರೀ ಫೋನಲ್ಲಿ ಮಾತಾಡ್ತಾ ಕೂತೆ. ಕೊನೆಗೆ ಕೇಳಿದಾಗ ಅಳಿಸಿಹೋಗಿದೆ ಅಂದರು. ಇವತ್ತೇ ಇಮೇಲ್ ಹಾಕಿ. ಡೀಲರ್‌ನ ಸರ್ವಿಸ್ ಮ್ಯಾನೇಜರ್‌ಗೆ, ಅದರ ಪ್ರತಿ ಕಾರು ತಯಾರಕರ ಕಸ್ಟಮರ್ ಕೇರ್‌ಗೆ. ಅಲ್ಲಿ ದೂರಿನ ಸಂಖ್ಯೆ ಹುಟ್ಟಿದರೆ ಏರಿಯಾ ಮ್ಯಾನೇಜರ್ ಡೀಲರ್‌ಗೆ ಉತ್ತರ ಕೇಳ್ತಾರೆ. "ಡೀಲರ್ ಬೇರೆ, ನಾವು ಬೇರೆ" ಅಂತ ಕಂಪನಿ ಬರೆದರೂ ಬೇಜಾರಾಗಬೇಡಿ, ದಾಖಲೆಯಾಯಿತಲ್ಲ. ಒಕ್ಕಣೆ ಹೀಗಿರಲಿ, ಕೋಪದ ಮಾತು ಒಂದೂ ಬೇಡ:

"ಇಂಥ ದಿನಾಂಕ, ಇಂಥ ಜಾಬ್ ಕಾರ್ಡ್ ಸಂಖ್ಯೆಯಲ್ಲಿ ನನ್ನ ಕಾರನ್ನು 41,262 ಕಿ.ಮೀ.ಗೆ ನಿಮ್ಮ ವಶಕ್ಕೆ ಕೊಟ್ಟಿದ್ದೆ. ನಿಮ್ಮ ಸಿಬ್ಬಂದಿ ಪರಿಶೀಲಿಸಿ ಬರೆದ ಚಿತ್ರದಲ್ಲಿ ಎಡಭಾಗದಲ್ಲಿ ಯಾವ ಹಾನಿಯೂ ಇಲ್ಲ. ವಾಪಸ್ ಪಡೆದಾಗ 41,289 ಕಿ.ಮೀ. ಹಿಂದಿನ ಎಡಬಾಗಿಲು ಮತ್ತು ಕ್ವಾರ್ಟರ್ ಪ್ಯಾನೆಲ್‌ಗೆ ನನ್ನ ಒಪ್ಪಿಗೆಯಿಲ್ಲದೆ ಪುಟ್ಟಿ ಹಾಕಿ ಬಣ್ಣ ಬಳಿಯಲಾಗಿದೆ. ಈ ಮೂರು ದಿನಗಳ ಸಿಸಿಟಿವಿ ದೃಶ್ಯ, ಗೇಟ್ ರಿಜಿಸ್ಟರ್ ಮತ್ತು ಟ್ರಯಲ್ ಓಡಿಸಿದ ದಾಖಲೆಯನ್ನು ಅಳಿಸದೆ ಕಾಯ್ದಿಟ್ಟು ನನಗೆ ತೋರಿಸಬೇಕು. ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕು."

ಇಷ್ಟೇ. ಹಾನಿ ಹೇಗಾಯ್ತು ಅಂತ ನೀವು ಊಹೆ ಬರೆಯಬೇಡಿ. ಅದನ್ನು ಹೇಳಬೇಕಾದವರು ಅವರು. ಇದು ನನ್ನ ಮಾತಲ್ಲ, 1872ರ ಭಾರತೀಯ ಕರಾರು ಕಾಯ್ದೆಯದ್ದೇ ತತ್ವ. ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟಾಗ ಸಾಮಾನ್ಯ ವಿವೇಕ ಇರುವವರು ತಮ್ಮ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಜಾಗ್ರತೆಯನ್ನು ಅವರು ವಹಿಸಬೇಕು ಅಂತ 151ನೇ ಕಲಂ ಹೇಳ್ತದೆ. ಅವರ ವಶದಲ್ಲಿದ್ದಾಗ ಹಾಳಾದರೆ, ಜಾಗ್ರತೆ ವಹಿಸಿದ್ದೆವು ಅಂತ ತೋರಿಸುವ ಹೊಣೆ ಅವರ ಮೇಲೆ. "ಹಾನಿಗೆ ನಾವು ಜವಾಬ್ದಾರರಲ್ಲ" ಅಂತ ಜಾಬ್ ಕಾರ್ಡ್ ಹಿಂದೆ ಇರುವೆಯಂಥ ಅಕ್ಷರದಲ್ಲಿ ಇರ್ತದೆ, ಅದನ್ನು ತೋರಿಸಿ ಹೆದರಿಸಬಹುದು. 1960ರ ದಶಕದಲ್ಲಿ ಒಂದು ಲಾಂಡ್ರಿ ಹೊಸ ಸೀರೆ ಕಳೆದುಹಾಕಿ, ರಸೀದಿ ಹಿಂದೆ ಅಚ್ಚುಹಾಕಿದ ಷರತ್ತು ತೋರಿಸಿ ಅರ್ಧ ಬೆಲೆ ಮಾತ್ರ ಕೊಡ್ತೇವೆ ಅಂದಿತ್ತು. ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ.

ಸಹಿ ಹಾಕಿದ್ದಕ್ಕೂ ಧೈರ್ಯ ಕಳಕೊಳ್ಳಬೇಡಿ. ಮುಚ್ಚಿಟ್ಟ ಹಾನಿಯನ್ನು ಕತ್ತಲಲ್ಲಿ ನೋಡಿ ಒಪ್ಪಿದಂತೆ ಆಗುವುದಿಲ್ಲ, ಮರುದಿನವೇ ಫೋನ್ ಮಾಡಿದ್ದೀರಿ. ಆ ಕರೆಯ ದಾಖಲೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋಟೋ, ವಿಡಿಯೋಗಳ ಮೂಲ ಫೈಲ್ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯದ ಮಾಹಿತಿ ಸಾಮಾನ್ಯವಾಗಿ ಉಳಿಯುವುದಿಲ್ಲ.

ಕೆಎ03 ರಾತ್ರಿಪಾಳಿ

ನನ್ನ ಅಭಿಪ್ರಾಯ ಬೇರೆ. ಗ್ರಾಹಕ ಆಯೋಗ, ವಕೀಲರು ಅಂತ ವರ್ಷಗಟ್ಟಲೆ ಅಲೆಯುವ ಬದಲು ಅವರಿಂದ ಎರಡು ಉಚಿತ ಸರ್ವಿಸ್ ಕೇಳಿ ತಗೊಂಡು ಹೊರಗೆ ಚೆನ್ನಾಗಿ ಪೇಂಟ್ ಮಾಡಿಸಿ. ಮನಸ್ಸಿನ ನೆಮ್ಮದಿಗೂ ಬೆಲೆ ಇದೆ.

ಕೆಎ19 ಕಡಲತಡಿ

ನೆಮ್ಮದಿಯ ಮಾತು ಒಪ್ಪುತ್ತೇನೆ. ಆದರೆ ಗ್ರಾಹಕ ಆಯೋಗ ಅಂದರೆ ಜನ ಅಂದುಕೊಂಡಷ್ಟು ಭಾರ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಕೀಲರು ಇರಲೇಬೇಕು ಅಂತಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ, ಇಲ್ಲಿ ಲೆಕ್ಕಕ್ಕೆ ಬರೋದು ನಿಮ್ಮ ಸರ್ವಿಸ್ ಬಿಲ್. ಕಾಲಮಿತಿ ಎರಡು ವರ್ಷ. ನೋಟಿಸ್ ತಲುಪಿದ ಮೇಲೆ ಅವರು 30 ದಿನದಲ್ಲಿ, ತಪ್ಪಿದರೆ ಇನ್ನು 15 ದಿನದಲ್ಲಿ ಉತ್ತರ ಕೊಡಲೇಬೇಕು. ಅದಕ್ಕೂ ಮೊದಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನನ್ನದು ಅಲ್ಲಿಗೇ ಮುಗಿಯಿತು.

ಕೆಎ14 ಪೇಂಟ್‌ಬೂತ್

ಮಾತುಕತೆಗೆ ಹೋಗುವ ಮುಂಚೆ ಏನು ಕೇಳಬೇಕು ಅನ್ನೋದು ಗೊತ್ತಿರಲಿ. ಬಾಗಿಲು ಬೋಲ್ಟ್ ಹಾಕಿ ಕೂರಿಸುವ ಭಾಗ. 910 ಮೈಕ್ರಾನ್ ಅಂದರೆ ಕೆಳಗೆ ಪುಟ್ಟಿ ದಪ್ಪಗಿದೆ, ಎರಡು ಮಳೆಗಾಲ ಕಳೆದರೆ ಬಿರುಕು ಬಿಡಬಹುದು. ಹೊಸ ಬಾಗಿಲೇ ಕೇಳಿ. ಆದರೆ ಕ್ವಾರ್ಟರ್ ಪ್ಯಾನೆಲ್ ಬದಲಾಯಿಸಿ ಅಂತ ಹಟ ಹಿಡಿಯಬೇಡಿ! ಅದು ಬಾಡಿಗೇ ವೆಲ್ಡ್ ಆಗಿರುತ್ತೆ. ಕತ್ತರಿಸಿ ಹೊಸದು ಬೆಸೆದರೆ ಫ್ಯಾಕ್ಟರಿ ಸೀಲ್ ಹೋಗಿ ಮುಂದೆ ತುಕ್ಕಿಗೆ ದಾರಿ. ಅಲ್ಲಿ ಹಳೆ ಪದರ ಉಜ್ಜಿ ತೆಗೆದು ಬೂತ್‌ನಲ್ಲಿ ಸರಿಯಾಗಿ ಮರುಬಣ್ಣ ಮಾಡಿಸಿದರೆ ಸಾಕು. ಸಿಲ್ವರ್ ಹೊಂದಿಸುವುದು ಕಷ್ಟದ ಬಣ್ಣ, ಒಳಗಿನ ಲೋಹದ ಕಣಗಳು ಕೂರುವ ರೀತಿಯ ಮೇಲೆ ಛಾಯೆ ಬದಲಾಗುತ್ತೆ. ಅದಕ್ಕೆ ಮುಂದಿನ ಬಾಗಿಲಿನವರೆಗೂ ಹೊಸ ಬಣ್ಣವನ್ನು ತೆಳುವಾಗಿ ಬ್ಲೆಂಡ್ ಮಾಡಬೇಕು, ಅಂದರೆ ಹಳೆಯದರಲ್ಲಿ ಬೆರೆಯುವಂತೆ ಹೊಡೆಯಬೇಕು, ಅದನ್ನೂ ಬರೆಸಿಕೊಳ್ಳಿ.

ಕೆಎ25 ಸಾಧನಕೇರಿ

ಹದಿನೆಂಟು ದಿನ ಆಯ್ತು. ನಡೆದದ್ದು ಹೇಳ್ತೇನೆ.

ಇಮೇಲ್ ಕಳಿಸಿದ ಆರನೇ ದಿನದವರೆಗೂ ಸದ್ದಿಲ್ಲ. 1915ಕ್ಕೆ ದೂರು ಕೊಟ್ಟೆ, ಅದರ ಸಂಖ್ಯೆಯನ್ನೂ ಅದೇ ಇಮೇಲ್‌ಗೆ ಸೇರಿಸಿ ಮತ್ತೆ ಕಳಿಸಿದೆ. ಎರಡು ದಿನಕ್ಕೆ ಸರ್ವಿಸ್ ಮ್ಯಾನೇಜರ್ ತಾವೇ ಫೋನ್ ಮಾಡಿದರು. ಹಗಲು ಹನ್ನೊಂದಕ್ಕೆ ಅಪ್ಪನನ್ನೂ ಕರಕೊಂಡು ಹೋದೆ. ಮೇಜಿನ ಮೇಲೆ ಜಾಬ್ ಕಾರ್ಡ್, ಬಿಲ್, ಗೇಜಿನ ಫೋಟೋ ಸಾಲಾಗಿ ಇಟ್ಟೆವು. 27 ಕಿಲೋಮೀಟರ್ ಎಲ್ಲಿ ಓಡಿತು ಅಂತ ಅಪ್ಪ ಒಂದೇ ಪ್ರಶ್ನೆ ಕೇಳಿ ಸುಮ್ಮನಾದರು. ಕಡೆಗೆ ಗೇಟ್ ರಿಜಿಸ್ಟರ್ ತರಿಸಿದರು. ಶನಿವಾರ ಮಧ್ಯಾಹ್ನ 3:10ಕ್ಕೆ ಗಾಡಿ ಊರಾಚೆಯ ಅವರ ಬಾಡಿಶಾಪ್‌ಗೆ ಹೋಗಿದೆ, ಸೋಮವಾರ ಸಂಜೆ ಬಂದಿದೆ. ವಾಷಿಂಗ್ ಬೇಯಿಂದ ಹಿಂದಕ್ಕೆ ತೆಗೆಯುವಾಗ ಹೊಸ ಹುಡುಗನೊಬ್ಬ ಕಂಬಕ್ಕೆ ತಾಗಿಸಿದ್ದನಂತೆ. ಅವನ ಸಂಬಳದಲ್ಲಿ ಹಿಡಿಯುತ್ತೇವೆ ಅಂದರು. ಅದು ಬೇಡ, ಹಾಗೆ ಮಾಡಿದರೆ ಮುಂದಿನ ಹುಡುಗನೂ ಮುಚ್ಚಿಡ್ತಾನೆ ಅಂತ ಅಪ್ಪ ಕಡ್ಡಿ ಮುರಿದಂತೆ ಹೇಳಿದರು.

ಉಚಿತ ಸರ್ವಿಸ್ ಕೂಪನ್ ಬೇಡ ಅಂದೆ. ಸಿಕ್ಕಿದ್ದು ಇಷ್ಟು: ಲೆಟರ್‌ಹೆಡ್‌ನಲ್ಲಿ ತಪ್ಪೊಪ್ಪಿಗೆ, ಡೀಲರ್ ಖರ್ಚಿನಲ್ಲೇ ಹೊಸ ಬಾಗಿಲು, ಕ್ವಾರ್ಟರ್ ಪ್ಯಾನೆಲ್ ಮರುಬಣ್ಣ, ಬಣ್ಣಕ್ಕೆ ಎರಡು ವರ್ಷದ ಲಿಖಿತ ಖಾತರಿ, ಸರ್ವಿಸ್ ಬಿಲ್ ವಾಪಸ್. ಮುಂದೆ ಮಾರುವಾಗ ಗೇಜ್ ಹಿಡಿದವರು ಬೆಲೆ ಇಳಿಸುತ್ತಾರಲ್ಲ, ಅದಕ್ಕೆ 15,000 ಕೇಳಿದ್ದೆ, 10,000ಕ್ಕೆ ಒಪ್ಪಿದೆವು. ಗಾಡಿ ನಿನ್ನೆ ಹಗಲಲ್ಲೇ ತಂದೆ. ಈ ಸಲ ಪ್ರತಿ ಬಾಗಿಲೂ ತೆಗೆದು, ಬೀಡಿಂಗ್ ಮುಟ್ಟಿ, ನೋಡಿದ ಮೇಲೆಯೇ ಸಹಿ. ಹೊಸ ಬಾಗಿಲು 121, 126. ಕ್ವಾರ್ಟರ್ ಪ್ಯಾನೆಲ್ ಈಗಲೂ 210 ತೋರಿಸುತ್ತೆ, ಅದು ಇನ್ನು ಹಾಗೇ ಇರುತ್ತೆ ಅಂತ ಒಪ್ಪಿಕೊಂಡಿದ್ದೇನೆ.

ಪೇಂಟ್‌ಬೂತ್ ಅಣ್ಣ, ಒಂದು ಕೊನೆಯ ಪ್ರಶ್ನೆ. ಅಪ್ಪ ದಿನಾ ರಾತ್ರಿ ಕಾರಿಗೆ ಕವರ್ ಹಾಕ್ತಾರೆ. ಈಗ ಹಾಕಬಹುದಾ?

ಕೆಎ14 ಪೇಂಟ್‌ಬೂತ್

ಒಂದು ತಿಂಗಳು ಬೇಡ ಅಂತ ಅಪ್ಪನಿಗೆ ಹೇಳಿ. ಹೊಸ ಬಣ್ಣದೊಳಗಿನ ಥಿನ್ನರ್ ಇನ್ನೂ ಹೊರಗೆ ಬರ್ತಾ ಇರುತ್ತೆ, ಕವರ್ ಹಾಕಿದರೆ ಅಲ್ಲೇ ಉಳಿದು ಮೇಲೆ ಗುರುತು ಬೀಳುತ್ತೆ. ವ್ಯಾಕ್ಸ್, ಪಾಲಿಶ್ ಕೂಡ ಅಲ್ಲಿವರೆಗೆ ಬೇಡ. ಹಕ್ಕಿ ಹಿಕ್ಕೆ ಬಿದ್ದರೆ ಒಣಗಲು ಬಿಡದೆ ಬರೀ ನೀರಲ್ಲಿ ತೊಳೆಯಿರಿ. ಮರದ ಕೆಳಗೆ ನಿಲ್ಲಿಸಬೇಡಿ, ಗಾಳಿಯಾಡುವ ನೆರಳಿದ್ದರೆ ಸಾಕು.