ಅಪ್‌ಡೇಟ್: ನಮ್ಮೂರಿನ ಗ್ರೀನ್ ಬೆಲ್ಟ್ ಜಮೀನಿನ ಲೇಔಟ್ ವಿಷಯ

ಕೋಲಾರದ ಹತ್ತಿರ ನಮ್ಮೂರಿನ ಗ್ರೀನ್ ಬೆಲ್ಟ್ (ಮನೆ-ಕಟ್ಟಡಕ್ಕೆ ಬಿಡದೆ ಬೇಸಾಯಕ್ಕೆ, ಹಸಿರಿಗೆ ಉಳಿಸಿದ) ಜಮೀನಿನಲ್ಲಿ ಲೇಔಟ್ ಬರುತ್ತಿದೆ, ತಡೆಯುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಸುಮ್ನೆ ಸಹಿ ಸಂಗ್ರಹಿಸಿದರೆ ಸಾಲದು, ದಾಖಲೆ ಹಿಡಿದು ಹೋಗಿ ಅಂದಿದ್ದಿರಿ. ಅದೇ ಕೆಲಸಕ್ಕೆ ಬಂತು. ಪಹಣಿ ಜೊತೆ ಹಳೇ ಗ್ರಾಮ ನಕ್ಷೆಯನ್ನೂ ತೆಗೆಸಿದೆವು. ಲೇಔಟ್ ನಕ್ಷೆಯಲ್ಲಿ ಇಲ್ಲದ ರಾಜಕಾಲುವೆ ಇದರಲ್ಲಿ ಸ್ಪಷ್ಟವಾಗಿ ಇತ್ತು! ನಮ್ಮ ಕೆರೆಗೆ ಮಳೆನೀರು ಬರುವುದೇ ಅದರಿಂದ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಕೆರೆ ತುಂಬಿಸಲು ಬೆಂಗಳೂರಿನಿಂದ ಶುದ್ಧೀಕರಿಸಿ ಕಳಿಸುವ ಕೊಳಚೆ ನೀರು) ಜಿಲ್ಲೆಗೆ ಬರುವ ಮೊದಲು ಇಲ್ಲಿ ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಬರೀ ಧೂಳು ಬರುತ್ತಿತ್ತು. ಆ ದಿನಗಳನ್ನು ನೋಡಿದವರಿಗೆ ಕಾಲುವೆ ಮುಚ್ಚುತ್ತಾರೆ ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಂ ಅಡಿ ಭೂ ಬಳಕೆ ಬದಲಾವಣೆಗೆ ಆಕ್ಷೇಪಣೆ ಕರೆದಿದ್ದರು. ಒಂದೇ ಅರ್ಜಿ ಕೊಡದೆ ಮನೆಗೊಂದು ಬರೆದು ಕೊಟ್ಟೆವು, ಪ್ರತಿಯೊಂದಕ್ಕೂ ಸ್ವೀಕೃತಿ ಪಡೆದೆವು. ನಮ್ಮಜ್ಜಿ ತಾವೇ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿದರು. ಗ್ರಾಮಸಭೆಯಲ್ಲಿ ಠರಾವೂ ಆಯಿತು.

ಅಂತಿಮ ಆದೇಶ ಇನ್ನೂ ಬಂದಿಲ್ಲ. ಆದರೆ ಮೊನ್ನೆ ಸರ್ವೆಯವರು ಬಂದು ಕಾಲುವೆ ಅಳತೆ ಮಾಡಿ, ಎರಡೂ ಕಡೆ ಕಲ್ಲು ನೆಟ್ಟು ಹೋದರು.