ಕ್ರಿಮಿನಲ್ ಲಾ ಪರೀಕ್ಷೆ: ವಕೀಲರನ್ನು ಕೇಳಿ

ಅಡ್ಮಿನ್: ಮಡಿಕೇರಿ ಕೋರ್ಟಿನಲ್ಲಿ ಕ್ರಿಮಿನಲ್ ಕೇಸ್ ನಡೆಸುವ ನಮ್ಮ ವಕೀಲೆ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಪೇಪರಿನ ಪ್ರಶ್ನೆ ಮಾತ್ರ ಕೇಳಿ.

ಕುಶಾಲನಗರದ ವಿದ್ಯಾರ್ಥಿನಿ: ನಮಸ್ತೆ ಮೇಡಂ. ಉತ್ತರದಲ್ಲಿ ಐಪಿಸಿ (ಹಳೇ ಭಾರತೀಯ ದಂಡ ಸಂಹಿತೆ) ಸೆಕ್ಷನ್ ನಂಬರ್ ಬರೆಯಬೇಕಾ, ಬಿಎನ್‌ಎಸ್ ನಂಬರಾ?

ವಕೀಲೆ: ನಮಸ್ತೆ. ಬಿಎನ್‌ಎಸ್. 2024ರ ಜುಲೈ 1ರಿಂದ ಅದೇ ಜಾರಿಯಲ್ಲಿದೆ. ಹಳೇ ತೀರ್ಪುಗಳೆಲ್ಲ ಐಪಿಸಿ ಮೇಲೆ ಇರುವುದರಿಂದ ಪಕ್ಕದಲ್ಲಿ ಹಳೇ ನಂಬರೂ ಹಾಕಿ. ಪ್ರಶ್ನೆಯಲ್ಲಿ ಘಟನೆಯ ತಾರೀಖು ಕೊಟ್ಟಿದ್ದರೆ ಗಮನಿಸಿ. ಜುಲೈ 1ಕ್ಕೆ ಮುಂಚೆ ನಡೆದಿದ್ದಕ್ಕೆ ಐಪಿಸಿಯೇ ಅನ್ವಯ.

ಸೋಮವಾರಪೇಟೆ: ಮೇಡಂ, ಒಂದು ಚಾರ್ಟ್ ಫಾರ್ವರ್ಡ್ ಬಂದಿದೆ. ಕೊಲೆಯ ಶಿಕ್ಷೆ 302 ಈಗ 101, ಮೋಸದ 420 ಈಗ 316. ಇಷ್ಟು ಬಾಯಿಪಾಠ ಮಾಡಿದರೆ ಸಾಕಲ್ವಾ?

ವಕೀಲೆ: ಸಾಲದು, ಮೊದಲು ಅದನ್ನು ಡಿಲೀಟ್ ಮಾಡಿ. ಅವು 2023ರ ಆಗಸ್ಟಿನಲ್ಲಿ ಮಂಡಿಸಿದ ಮೊದಲ ಮಸೂದೆಯ ನಂಬರ್. ಅದನ್ನು ವಾಪಸ್ ತೆಗೆದುಕೊಂಡು ಡಿಸೆಂಬರಿನಲ್ಲಿ ಬೇರೆ ಮಸೂದೆ ತಂದರು. ಈಗ 101 ಕೊಲೆ ಅಂದರೇನು ಅಂತ ಹೇಳುತ್ತದೆ, ಶಿಕ್ಷೆ ಇರುವುದು 103ರಲ್ಲಿ. 420ರ ಜಾಗಕ್ಕೆ 318(4). 316 ನಂಬಿಕೆ ದ್ರೋಹ.

ನಾಪೋಕ್ಲು: ಕಾಮನ್ ಇಂಟೆನ್ಶನ್ (ಹಲವರ ಸಮಾನ ಉದ್ದೇಶ) 3(5), ಅಕ್ರಮ ಕೂಟದ 190, ಇವೆರಡರ ವ್ಯತ್ಯಾಸ ಹೇಗೆ ಬರೆಯೋದು ಮೇಡಂ?

ವಿರಾಜಪೇಟೆ: ಮೇಡಂ, ಕ್ಲಾಸಿನಲ್ಲಿ ಕೊಟ್ಟ ಸಮಸ್ಯೆ ಇದು. ರಾತ್ರಿ ಕಾಫಿ ತೋಟದಲ್ಲಿ ಗಿಡ ಅಲ್ಲಾಡುತ್ತದೆ. ಕಾಡುಹಂದಿ ಅಂದುಕೊಂಡು ಒಬ್ಬ ಕೋವಿಯಿಂದ ಗುಂಡು ಹೊಡೆಯುತ್ತಾನೆ. ಸತ್ತದ್ದು ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಕೆಲಸಗಾರ. 'ಅಪಘಾತ, ಸೆಕ್ಷನ್ 18, ಬಿಡುಗಡೆ' ಅಂತ ಬರೆದೆ. ಹತ್ತಕ್ಕೆ ಎರಡು ಅಂಕ.

ವಕೀಲೆ: ಒಳ್ಳೇ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಇದು ಬರೀ ಪರೀಕ್ಷೆಯ ಮಾತಲ್ಲ, ಅದಕ್ಕೇ ಉದ್ದ ಬರೆಯುತ್ತೇನೆ.

ಸೆಕ್ಷನ್ 18 ಸಿಗಬೇಕಾದರೆ ಮಾಡುತ್ತಿದ್ದ ಕೆಲಸ ಕಾನೂನುಬದ್ಧ ಆಗಿರಬೇಕು, ತಕ್ಕ ಎಚ್ಚರಿಕೆಯೂ ಇರಬೇಕು. ಅನುಮತಿ ಇಲ್ಲದೆ ಹಂದಿ ಬೇಟೆ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅಲ್ಲಿಗೆ 18ರ ರಕ್ಷಣೆ ಹೋಯಿತು.

ಹಾಗಂತ ನೇರವಾಗಿ ಕೊಲೆಗೆ ಹಾರಬೇಡಿ. ಸೆಕ್ಷನ್ 100ರ ಕೆಳಗಿನ ಮೂರನೇ ಉದಾಹರಣೆ ಓದಿ. ಕೋಳಿ ಕದಿಯಲು ಗುಂಡು ಹೊಡೆದವನಿಂದ ಪೊದೆ ಹಿಂದಿದ್ದ ಮನುಷ್ಯ ಸಾಯುತ್ತಾನೆ. ಮಾಡಿದ ಕೆಲಸ ತಪ್ಪು. ಆದರೆ ಮನುಷ್ಯ ಇರುವುದು ಗೊತ್ತಿರಲಿಲ್ಲ, ಕೊಲ್ಲುವ ಉದ್ದೇಶವೂ ಇರಲಿಲ್ಲ. ಹಾಗಾಗಿ ಕಲ್ಪಬಲ್ ಹೋಮಿಸೈಡ್ (ದಂಡನೀಯ ನರಹತ್ಯೆ) ಅಲ್ಲ. ನಿಮ್ಮ ಸಮಸ್ಯೆಗೆ ಇಷ್ಟು ಹತ್ತಿರದ್ದು ಬೇರೆ ಎಲ್ಲೂ ಸಿಗಲ್ಲ.

ಉಳಿಯುವುದು 106(1), ನಿರ್ಲಕ್ಷ್ಯದಿಂದ ಸಾವು. ಐಪಿಸಿಯಲ್ಲಿ ಗರಿಷ್ಠ 2 ವರ್ಷ ಇತ್ತು, ಈಗ 5.

ಈಗ ಪ್ರಶ್ನೆಯನ್ನು ಮತ್ತೆ ಓದಿ. ಲೈನ್ ಮನೆ ಎಷ್ಟು ದೂರ? ಆ ದಾರಿಯಲ್ಲಿ ರಾತ್ರಿ ಜನ ಓಡಾಡುವುದು ಅವನಿಗೆ ಗೊತ್ತಿತ್ತಾ? ಗೊತ್ತಿದ್ದರೆ 'ಸಾವು ಬರಬಹುದೆಂಬ ತಿಳಿವಳಿಕೆ' ಎಂಬ ವಾದ ಏಳುತ್ತದೆ. ಆಗ ಕೊಲೆಯಲ್ಲದ ನರಹತ್ಯೆಯ 105ರ ಎರಡನೇ ಭಾಗ, 10 ವರ್ಷದವರೆಗೆ.

ಆರೋಪಿ ಪರವಾಗಿ ಒರಿಸ್ಸಾದ ರಾಮ್ ಬಹದ್ದೂರ್ ಥಾಪಾ ಕೇಸ್ ಬರೆಯಿರಿ. ಕತ್ತಲಲ್ಲಿ ದೆವ್ವ ಅಂದುಕೊಂಡು ಖುಕ್ರಿ ಬೀಸಿದವನು ಬಿಡುಗಡೆಯಾದ. ಇನ್ನಷ್ಟು ಎಚ್ಚರ ವಹಿಸಬಹುದಿತ್ತು ಅನ್ನುವುದೊಂದೇ ಕಾರಣಕ್ಕೆ ರಕ್ಷಣೆ ಕೈತಪ್ಪುವುದಿಲ್ಲ ಅಂತ ಹೈಕೋರ್ಟ್ ಹೇಳಿತು. ಆಮೇಲೆ ವ್ಯತ್ಯಾಸ ತೋರಿಸಿ: ಅವನು ನಂಬಿದ್ದು ನಿಜವಾಗಿದ್ದರೆ ಅಲ್ಲಿ ಅಪರಾಧವೇ ಇಲ್ಲ. ಇಲ್ಲಿ ಹಂದಿಯೇ ಆಗಿದ್ದರೂ ಅಪರಾಧ.

ಪೊನ್ನಂಪೇಟೆ: ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸೇ ಬೇಡ. ಮತ್ತೆ ಕಾನೂನುಬಾಹಿರ ಹೇಗೆ?

ಸಿದ್ದಾಪುರ: ಅಣ್ಣಾ, ಕೋವಿ ಇಟ್ಟುಕೊಳ್ಳುವುದು ಬೇರೆ, ಗಿಡ ಅಲ್ಲಾಡಿದ ಕಡೆ ಹೊಡೆಯುವುದು ಬೇರೆ.

ಪೊನ್ನಂಪೇಟೆ: ಹಂದಿಗಳು ಒಂದೇ ರಾತ್ರಿಗೆ ಗದ್ದೆ ಪೂರ್ತಿ ಅಗೆದು ಹಾಕುತ್ತವೆ. ಬೆಳೆ ಹೋದವನಿಗೆ ಗೊತ್ತು ಸಂಕಟ.

ಸಿದ್ದಾಪುರ: ನನ್ನ ಅಪ್ಪ ಅಮ್ಮ ಲೈನ್ ಮನೆಯಲ್ಲೇ ಇರೋದು. ಕತ್ತಲಾದ ಮೇಲೆ ಅವರು ಹೊರಗೆ ಕಾಲಿಡಬಾರದಾ?

ಪೊನ್ನಂಪೇಟೆ: ನಾನು ಹಾಗೆ ಹೇಳಿದೆನಾ? ಸುಮ್ನೆ ಮಾತು ತಿರುಚಬೇಡ.

ಸಿದ್ದಾಪುರ: ಏಕವಚನ ಬೇಡ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ವಕೀಲೆ: ವಿನಾಯಿತಿ ಇರುವುದು ಆಯುಧ ಕಾಯ್ದೆಯ ಲೈಸೆನ್ಸಿಗೆ, 2029ರವರೆಗೆ. ಬೇಟೆಗಲ್ಲ. ಈ ವಾದ ಇಲ್ಲಿಗೆ ಸಾಕು.

ಗೋಣಿಕೊಪ್ಪ: ಮೇಡಂ, ಐಪಿಸಿ ಬರೆಯಬೇಕಾ ಬಿಎನ್‌ಎಸ್ ಬರೆಯಬೇಕಾ?

ವಕೀಲೆ: ಮೇಲಿದೆ.

ಸೋಮವಾರಪೇಟೆ: 'ಈ 20 ಪ್ರಶ್ನೆ ಓದಿದರೆ ಪಾಸ್ ಗ್ಯಾರಂಟಿ' ಅಂತ ಇನ್ನೊಂದು ಪಿಡಿಎಫ್ ಬಂದಿದೆ. ಮೊದಲನೆಯದೇ ಐಪಿಸಿ 497, ವ್ಯಭಿಚಾರ. ಹಾಕಲಾ?

ವಕೀಲೆ: ಹಾಕಬೇಡಿ. 497 ಅನ್ನು ಸುಪ್ರೀಂ ಕೋರ್ಟ್ 2018ರಲ್ಲೇ ರದ್ದು ಮಾಡಿದೆ. ಬಿಎನ್‌ಎಸ್‌ನಲ್ಲಿ ಆ ಅಪರಾಧವೇ ಇಲ್ಲ. ಇದನ್ನು ನಂಬಿ ಒಂದು ವರ್ಷ ಕಳೆದುಕೊಂಡರೆ ಕಳಿಸಿದವರು ಬಂದು ಫೀಸ್ ಕಟ್ಟುತ್ತಾರಾ? ಬೇರ್ ಆ್ಯಕ್ಟ್ (ಕಾಯ್ದೆಯ ಮೂಲ ಪಠ್ಯ) ತೆಗೆದು ಓದಿ.

ಕುಶಾಲನಗರದ ವಿದ್ಯಾರ್ಥಿನಿ: ಗೆಸ್ ಪೇಪರ್ ಏನಾದರೂ...

ವಕೀಲೆ: ಇಲ್ಲ.

ವಿರಾಜಪೇಟೆ: ಮೇಡಂ, ಒಂದೇ ಒಂದು. ಪಕ್ಕದಲ್ಲಿದ್ದವನಿಗೆ ಗಿಡದ ಹಿಂದೆ ಆ ಕೆಲಸಗಾರ ಇರುವುದು ಗೊತ್ತಿತ್ತು. ಅವನು ಸಾಯಲಿ ಅಂತಲೇ 'ಹೊಡಿ' ಅಂದ. ಹೊಡೆದವನಿಗೆ ಏನೂ ಗೊತ್ತಿರಲಿಲ್ಲ. ಆಗ?

ವಕೀಲೆ: ಅದೇ ಸೆಕ್ಷನ್ 100, ಎರಡನೇ ಉದಾಹರಣೆ. ಗುಂಡು ಹೊಡೆದವನು ನಿರಪರಾಧಿ ಆಗಿರಬಹುದು, 'ಹೊಡಿ' ಅಂದವನ ಮೇಲೆ ಕಲ್ಪಬಲ್ ಹೋಮಿಸೈಡ್. ಆದರೆ ನಿಮ್ಮ ಸಮಸ್ಯೆಯಲ್ಲಿ ಹೊಡೆದವನಿಗೆ 106(1) ಇನ್ನೂ ಅಂಟುತ್ತದಾ ಅಂತ ಬೇರೆಯಾಗಿ ಬರೆಯಿರಿ. ಎರಡೂ ಉತ್ತರ ಬರೆದು ನನಗೆ ಕಳಿಸಿ, ತಿದ್ದಿಕೊಡುತ್ತೇನೆ.

ನಾಪೋಕ್ಲು: ಮೇಡಂ, 3(5) ಮತ್ತು 190 ಕೇಳಿದ್ದೆ.

ಪೊನ್ನಂಪೇಟೆ: ಏಕವಚನಕ್ಕೆ ಕ್ಷಮೆ ಕೇಳುತ್ತೇನೆ. ಹಂದಿ ವಿಷಯಕ್ಕೆ ಕೇಳಲ್ಲ.

ಅಡ್ಮಿನ್: ಮೇಡಂ ಆಫ್‌ಲೈನ್ ಆದರು. ಇವತ್ತಿಗೆ ಪ್ರಶ್ನೆ ಬೇಡ.