ಸಹಾಯ ಬೇಕು: ಐಸ್‌ಲ್ಯಾಂಡಿನಲ್ಲಿ ಕುದುರೆ ಕೊಳ್ಳಬೇಕು, ಆಮೇಲೆ ಮಾರಲೂ ಬೇಕಾಗಬಹುದು

ಎಲ್ಲರಿಗೂ ನಮಸ್ಕಾರ. ಐಸ್‌ಲ್ಯಾಂಡಿನಲ್ಲಿ ಕುದುರೆ ಸಾಕಿದವರು, ಇಲ್ಲಾ ಇಲ್ಲಿಂದ ತರಿಸಿಕೊಂಡವರು ಯಾರಾದರೂ ಇದ್ದೀರಾ? ನಾವಿರುವುದು ಸೆಲ್ಫಾಸ್ ಹತ್ತಿರ. ಮಗಳು ಎರಡು ವರ್ಷದಿಂದ ಸವಾರಿ ಕಲಿಯುತ್ತಿದ್ದಾಳೆ, ಈಗ ಸ್ವಂತದ್ದೇ ಬೇಕು ಅಂತ ಹಟ.

ಹತ್ತಿರದ ರೈತರೊಬ್ಬರ ಬಳಿ 11 ವರ್ಷದ ಹೆಣ್ಣು ಕುದುರೆ ಇದೆ. ತುಂಬಾ ಸಾಧು. ಟೋಲ್ಟ್ ನಡಿಗೆ (ಇಲ್ಲಿನ ಕುದುರೆಗಳ ಕುಲುಕದ ವಿಶೇಷ ನಡಿಗೆ) ಎಷ್ಟು ನಯ ಅಂದರೆ ಕಾಫಿ ಲೋಟ ಹಿಡಿದು ಕೂತರೂ ತುಳುಕಲ್ಲವಂತೆ (ನಾನು ಪರೀಕ್ಷೆ ಮಾಡಿಲ್ಲ!). ವರ್ಲ್ಡ್‌ಫೆಂಗುರ್ ಅನ್ನೋ ಐಸ್‌ಲ್ಯಾಂಡ್ ಕುದುರೆಗಳ ವಂಶಾವಳಿ ದಾಖಲೆಯಲ್ಲಿ ತಂದೆ ತಾಯಿ ವಿವರ ಸಿಕ್ಕಿತು, ಮೈಕ್ರೋಚಿಪ್ ನಂಬರೂ ಹೊಂದುತ್ತದೆ. ಆದರೆ ಕೊಳ್ಳುವ ಮೊದಲು ನಾವೇ ಬೇರೆ ಡಾಕ್ಟರಿಂದ ತಪಾಸಣೆ ಮಾಡಿಸುತ್ತೇವೆ ಅಂದರೆ ಮಾರುವವರು ಸ್ವಲ್ಪ ಮುಖ ಗಂಟು ಹಾಕಿಕೊಂಡರು. ಇಲ್ಲಿ ಹಾಗೆ ಕೇಳುವುದು ತಪ್ಪಾ? ಹಿಂಗಾಲಿನ ಕೀಲುಗಳ ಎಕ್ಸ್‌ರೇ ಸಾಕಾ, ಇನ್ನೇನಾದರೂ ನೋಡಿಸಬೇಕಾ?

ಇನ್ನೊಂದು ದೊಡ್ಡ ತಲೆನೋವು. ಎರಡು ವರ್ಷದಲ್ಲಿ ಯಜಮಾನರಿಗೆ ಜರ್ಮನಿಗೆ ವರ್ಗ ಆಗಬಹುದು. ಈ ದೇಶದಿಂದ ಒಮ್ಮೆ ಹೊರಗೆ ಹೋದ ಕುದುರೆ ಮತ್ತೆ ಒಳಗೆ ಬರುವಂತಿಲ್ಲ, ರೋಗ ಬರಬಾರದು ಅಂತ ಕಾನೂನೇ ಹಾಗಿದೆ, ನಾಳೆ ನಾವು ವಾಪಸ್ ಬಂದರೂ ಅದು ಬರಲ್ಲ. ಜರ್ಮನಿಯಲ್ಲಿ ಸಣ್ಣ ನೊಣಗಳು ಕಚ್ಚಿ ಬೇಸಿಗೆಯಲ್ಲಿ ಚರ್ಮದ ತುರಿಕೆ ಬರುವುದೂ ಇಲ್ಲಿ ಹುಟ್ಟಿ ಬೆಳೆದ ಕುದುರೆಗಳಿಗೇ ಜಾಸ್ತಿ. ಹಾಗಾದರೆ ಇಲ್ಲೇ ಮಾರಿ ಹೋಗುವುದು ವಾಸಿ ಅಲ್ವಾ? ಆಗ ಅದಕ್ಕೆ 13 ಆಗಿರುತ್ತದೆ, ಒಳ್ಳೆ ಮನೆ ಸಿಗುತ್ತಾ, ಬೆಲೆ ಎಷ್ಟು ಇಳಿಯುತ್ತದೆ?

ಮಾಂಸಕ್ಕೆ ಮಾತ್ರ ಹೋಗಬಾರದು. ಆ ಷರತ್ತನ್ನು ಮಾರಾಟದ ಕರಾರಿನಲ್ಲಿ ಬರೆಸಿದವರಿದ್ದರೆ ದಯವಿಟ್ಟು ಹೇಳಿ. ಭಾನುವಾರದೊಳಗೆ ಮಾರುವವರಿಗೆ ಉತ್ತರ ಕೊಡಬೇಕು.